ಹುರಿಗಡಲೆ ಚೀಟಿಯ ಹನ್ನೆರಡು ಪೊಟ್ಟಣಗಳು

ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ನಮ್ಮ ಮನೆಯಲ್ಲಿ ನಾನೂ, ನಾನು ಅಕ್ಕ ಎಂದು ಕರೆಯುವ ನನ್ನ ವಾರಗಿತ್ತಿಯೂ ಸೇರಿ ಚಟ್ನಿಪುಡಿ ಮಾಡುತ್ತೇವೆ. ಒಂದು ಹುರಿಗಡಲೆಯದು, ಇನ್ನೊಂದು ಕಡಲೆಬೀಜದ್ದು. ನೋಡಲು ಎರಡೂ ಒಂದೇ ಕೆಂಪು. ಹುರಿದು ಪುಡಿ ಮಾಡುವುದು ಅಕ್ಕನ ಕೆಲಸ, ತುಂಬಿ ಚೀಟಿ ಅಂಟಿಸುವುದು ನನ್ನದು.

ಅವತ್ತು ಬೆಳಿಗ್ಗೆ ದೊಡ್ಡಬಳ್ಳಾಪುರದ ಅಂಗಡಿಗೆ ಹುರಿಗಡಲೆ ಪುಡಿಯೆಂದು ಹನ್ನೆರಡು ಪೊಟ್ಟಣ ಕೊಟ್ಟು ಬಂದಿದ್ದೆ. ಮಧ್ಯಾಹ್ನ ಅಡುಗೆಮನೆ ಒರೆಸುವಾಗ ನೋಡಿದರೆ, ಹುರಿಗಡಲೆ ಪುಡಿಯ ಡಬ್ಬ ಹಾಗೇ ತುಂಬಿದೆ. ಖಾಲಿಯಾಗಿದ್ದದ್ದು ಕಡಲೆಬೀಜದ್ದು.

ತಕ್ಷಣ ಅಂಗಡಿಯವರಿಗೆ ಫೋನ್ ಮಾಡಿದೆ. “ಅಣ್ಣ, ತಪ್ಪಾಗ್ಬಿಟ್ಟಿದೆ. ಒಳಗಿರೋದು ಕಡ್ಲೆಬೀಜದ ಪುಡಿ. ಒಂದೂ ಮಾರ್ಬೇಡಿ.”

“ಹನ್ನೊಂದು ಇಲ್ಲೇ ಇದೆ ಕಣಮ್ಮ. ಇನ್ನೊಂದು... ಅಯ್ಯೋ, ಅದು ಆಸ್ಪತ್ರೆ ನರ್ಸಮ್ಮ ತಗೊಂಡ್ ಹೋದ್ರು. ಅವರ ಮಗಳಿಗೆ ಕಡ್ಲೆಬೀಜ ಒಂದ್ ಚೂರೂ ಆಗಲ್ಲ. ಅದಕ್ಕೇ ಚೀಟಿ ಪೂರ್ತಿ ಓದಿ ತಗೊಂಡ್ರು.”

ಸಿಕ್ಕಿದ ಬಸ್ ಹತ್ತಿ ಹೋದೆ. ಅಂಗಡಿಯ ಬಾಗಿಲು ಹಾಕಿತ್ತು. ವ್ಯಾಪಾರದ ಹೊತ್ತಿನಲ್ಲಿ ಅದು ಮುಚ್ಚಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಏನು ಮಾಡುವುದೆಂದು ತೋಚದೆ ನಿಂತಿರುವಾಗ ಅಂಗಡಿಯ ಅಣ್ಣ ಸ್ಕೂಟರಿನಲ್ಲಿ ಬಂದರು. ಅವರ ಬಳಿ ನರ್ಸಮ್ಮನ ಫೋನ್ ನಂಬರಿರಲಿಲ್ಲ. ಬೀದಿ ಮಾತ್ರ ಗೊತ್ತಿದ್ದರಿಂದ ಮನೆ ಮನೆಯಲ್ಲೂ ವಿಚಾರಿಸಿ ಹುಡುಕಿದ್ದರಂತೆ.

“ಮಗು ಇನ್ನೂ ಸ್ಕೂಲಿಂದ ಬಂದಿರ್ಲಿಲ್ಲ, ಬಚಾವಾದ್ವಿ. ಹತ್ತಮ್ಮ, ನೀನೂ ಬಂದು ಒಂದ್ಮಾತು ಹೇಳು” ಎಂದರು.

ನರ್ಸಮ್ಮ ಬೈಯಲಿಲ್ಲ. ಕೂರಿಸಿ ಮಜ್ಜಿಗೆ ಕೊಟ್ಟರು. ಪುಡಿ ಸುರಿದಿಟ್ಟಿದ್ದ ಸ್ಟೀಲ್ ಡಬ್ಬವನ್ನು ಆಗಲೇ ತೊಳೆದು ಬೋರಲು ಹಾಕಿದ್ದರು. ನಾನು ತಪ್ಪಾಯಿತೆಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ.

“ಎರಡೂ ಒಂದೇ ಮಿಕ್ಸೀಲಿ ಮಾಡ್ತೀರಾ?”

“ಹೂಂ ಅಕ್ಕ.”

“ಹಂಗಾದ್ರೆ ಚೀಟಿ ಸರಿಯಾಗೇ ಇದ್ದಿದ್ರೂ ನನ್ನ ಮಗಳಿಗೆ ಆಗ್ತಿರ್ಲಿಲ್ಲ. ಅದನ್ನೂ ಬರೀಬೇಕಮ್ಮ. ನನ್ನಂಥೋರು ಚೀಟೀನೇ ನಂಬ್ಕೊಂಡು ತಿನ್ಸೋದು.”

ಅಷ್ಟು ದಿನ ಅದು ನನಗೆ ಹೊಳೆದೇ ಇರಲಿಲ್ಲ. ಅವರು ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು, ಏನು ಅಚ್ಚು ಹಾಕಿಸಬೇಕೆಂದು ಬರೆದುಕೊಟ್ಟರು: ‘ಕಡಲೆಬೀಜ ಬಳಸಿದ ಮಿಕ್ಸಿಯಲ್ಲೇ ಪುಡಿ ಮಾಡಲಾಗಿದೆ.’

ಸಂಜೆ ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳುತ್ತಾ ಅತ್ತುಬಿಟ್ಟೆ. ಅವಳು, “ನಾನಾದ್ರೂ ಮೂಸಿ ನೋಡ್ಬೋದಿತ್ತು, ಬಿಡು. ಇನ್ಮೇಲೆ ಇಬ್ರೂ ನೋಡಾಣ” ಎಂದಳು. ಅಂದಿನಿಂದ ಒಬ್ಬಳು ತುಂಬಿದ್ದನ್ನು ಇನ್ನೊಬ್ಬಳು ರುಚಿ ನೋಡಿದ ಮೇಲೆಯೇ ಚೀಟಿ ಅಂಟಿಸುವುದು.

ನರ್ಸಮ್ಮ ನಮ್ಮ ಪುಡಿಯನ್ನು ಕೊಳ್ಳುವುದಿಲ್ಲ, ಕೊಳ್ಳಲೂಬಾರದು. ಆದರೆ ಜೊತೆಯಲ್ಲಿ ಕೆಲಸ ಮಾಡುವವರಿಗೆಲ್ಲ, “ಇವ್ರು ತಪ್ಪಾದ್ರೆ ಮನೆಗೇ ಬಂದ್ ಹೇಳ್ತಾರೆ” ಎಂದು ಹೇಳಿ ಕೊಡಿಸುತ್ತಾರೆ. ನಿಜವಾಗಿ ಅವರ ಮನೆಗೆ ಮೊದಲು ಓಡಿದ್ದು ನಾನಲ್ಲ, ಅಂಗಡಿಯ ಅಣ್ಣ. ಹಾಗೆಂದು ಅಣ್ಣನಿಗೆ ಎಷ್ಟು ಸಲ ಹೇಳಿದರೂ ನಕ್ಕು, “ಮುಂದಿನ್ ವಾರಕ್ಕೆ ಎಷ್ಟು ಕೊಡ್ತೀಯ, ಅದು ಹೇಳು” ಎನ್ನುತ್ತಾರೆ.