ಜಯಣ್ಣನವರ ಕೋಣೆಯ ಕಂಪ್ಯೂಟರ್

ಕೊರೊನಾ ಕಳೆದ ಮರುವರ್ಷದ ಮಾತು. ಆಗ ನಾನು ಮೂಡಿಗೆರೆಯಲ್ಲಿದ್ದುಕೊಂಡು ಸುತ್ತಲಿನ ಎಸ್ಟೇಟ್ ಆಫೀಸುಗಳಿಗೆ ನೆಟ್‌ವರ್ಕ್ ಕೇಬಲ್ ಎಳೆಯುವ, ಕೆಟ್ಟರೆ ಸರಿಪಡಿಸುವ ಕೆಲಸ ಮಾಡುತ್ತಿದ್ದೆ. ಹೆಂಗಸು ಏಣಿ ಹತ್ತುವುದನ್ನು ನಿಂತು ನೋಡುವವರು ಅಷ್ಟು ಹೊತ್ತಿಗೆ ಕಡಿಮೆಯಾಗಿದ್ದರು. ಕಾಫಿ ಕೊಯ್ಲಿನ ದಿನಗಳಲ್ಲಿ ಜಾವಳಿ ಕಡೆಯ ತೋಟವೊಂದರ ಮಾಲೀಕರು, ಚಂದ್ರೇಗೌಡರು, ಪೇಟೆಗೆ ಬಂದಾಗ ಫೋನ್ ಮಾಡಿದರು. ಆಫೀಸಿನಲ್ಲಿ ಇಂಟರ್ನೆಟ್ ಬರುತ್ತದೆ, ಹೋಗುತ್ತದೆ. ಇಬ್ಬರು ಬಂದು ನೋಡಿದರೂ ಸರಿಹೋಗಿಲ್ಲ.

"ಬೇಗ ಬಾರಮ್ಮ. ಆನೆ ತೋಟದೊಳಗೇ ಇದಾವೆ," ಎಂದರು.

ಆ ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಆನೆ ಎಲ್ಲಿದೆ ಎಂದು ಗುಡ್ಡದ ಮೇಲಿನ ಕಾವಲಿನವರು ಕಳಿಸುವ ಮೆಸೇಜು ಆಫೀಸಿನ ಕೇಬಲ್ ಮೂಲಕವೇ ಬರಬೇಕು. ಅದನ್ನು ನೋಡಿ ಕ್ಲರ್ಕ್ ಶಾರದಾ ವಾಕಿಟಾಕಿಯಲ್ಲಿ ತಿಳಿಸಿದ ಮೇಲೆಯೇ ಮೇಸ್ತ್ರಿ ಆಳುಗಳನ್ನು ಕೊಯ್ಲಿಗೆ ಇಳಿಸುತ್ತಿದ್ದ. ಅದೇ ಹಂಗಾಮಿನ ಶುರುವಿನಲ್ಲಿ ತೋಟದ ಮ್ಯಾನೇಜರ್ ಜಯಣ್ಣ ಆನೆ ತುಳಿದು ತೀರಿಕೊಂಡಿದ್ದರು.

ನಾನು ಹೋದಾಗ ಶಾರದಾ ಪರದೆಯಿಂದ ಕಣ್ಣು ತೆಗೆಯದೆ ಕೂತಿದ್ದಳು. ಮೂವತ್ತರ ಆಸುಪಾಸಿನ, ಮಾತು ಕಡಿಮೆಯ ಹೆಂಗಸು. ಆಫೀಸಿನಲ್ಲಿದ್ದದ್ದು ಎರಡೇ ಕಂಪ್ಯೂಟರ್: ಒಂದು ಅವಳದು, ಇನ್ನೊಂದು ಗೋಡೆಯಾಚೆ ಜಯಣ್ಣನವರ ಕೋಣೆಯಲ್ಲಿ. ನಡುವಿನ ಕೇಬಲ್ಲಿಗೆ ಟೆಸ್ಟರ್ ಹಾಕಿದೆ. ತಂತಿ ಎಲ್ಲಾದರೂ ತುಂಡಾಗಿದ್ದರೆ ಆ ಪುಟ್ಟ ಪೆಟ್ಟಿಗೆಯ ಒಂದು ದೀಪ ಹತ್ತುವುದಿಲ್ಲ. ಎಲ್ಲವೂ ಹತ್ತಿದವು. ಆದರೂ ಶಾರದಾಳ ಪರದೆಯಲ್ಲಿ ಸಂಪರ್ಕವಿಲ್ಲ.

ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿ ಮೆಲ್ಲಗೆ ಹೇಳಿದ: "ಬೆಳಿಗ್ಗೆ ಜಯಣ್ಣೋರು ಬಂದು ಕೂತಿರ್ತಾರೆ ಮೇಡಂ, ಆಗ ಬರುತ್ತೆ. ಅವ್ರು ಎದ್ದು ಹೋದ್ಮೇಲೆ ನಿಂತೋಗುತ್ತೆ."

ನಾನು ನಗಲಿಲ್ಲ. ಆ ಕೋಣೆಗೆ ಯಾರು ಹೋಗುತ್ತಾರೆ ಎಂದು ಕೇಳಿದೆ.

"ನಾನೇ," ಎಂದಳು ಶಾರದಾ. "ದಿನಾ ಬೆಳಿಗ್ಗೆ ಟೇಬಲ್ ಒರೆಸಿ ಬರ್ತೀನಿ. ಇನ್ಯಾರೂ ಒಳಗೆ ಕಾಲಿಡಲ್ಲ."

ಬಾಗಿಲು ತೆಗೆದು ಒಳಗೆ ಹೋದೆ. ಮೊಳೆಯಲ್ಲಿ ಅವರ ಜರ್ಕಿನ್ ಇನ್ನೂ ತೂಗುತ್ತಿತ್ತು. ಹೊರಗಿನಿಂದ ಬಂದ ಇಂಟರ್ನೆಟ್ ತಂತಿ ನೇರವಾಗಿ ಅವರ ಕಂಪ್ಯೂಟರಿನ ಬೆನ್ನಿಗೆ ಸೇರಿತ್ತು. ಅಲ್ಲಿಂದ ಇನ್ನೊಂದು ತಂತಿ ಗೋಡೆಯ ತೂತಿನಲ್ಲಿ ಶಾರದಾಳ ಮೇಜಿಗೆ. ಒಂದು ಕಂಪ್ಯೂಟರ್ ತನಗೆ ಸಿಕ್ಕ ಸಂಪರ್ಕವನ್ನು ಇನ್ನೊಂದಕ್ಕೆ ಹಂಚುವ ಹಳೆಯ ಏರ್ಪಾಡು. ಹಿಂದೆ ಜಯಣ್ಣನವರೇ ಕೂತು ಜೋಡಿಸಿದ್ದರಂತೆ. ಕಂಪ್ಯೂಟರ್ ಮಾತ್ರ ಹೊಸದು, ಅವರು ಹೋಗುವ ಸ್ವಲ್ಪ ಮೊದಲು ತಂದದ್ದು.

ಅವರ ಕುರ್ಚಿಯಲ್ಲಿ ಕೂತು, ಮೌಸ್ ಅಲುಗಿಸಿ, ಆಮೇಲೆ ಏನನ್ನೂ ಮುಟ್ಟದೆ ಕಾದೆ. ಬಹಳ ಹೊತ್ತಾದ ಮೇಲೆ ಪರದೆ ಕಪ್ಪಾಯಿತು. ಒಳಗಿನ ಫ್ಯಾನಿನ ಸದ್ದು ನಿಂತಿತು.

"ಹೋಯ್ತು," ಎಂದಳು ಶಾರದಾ ಗೋಡೆಯಾಚೆಯಿಂದ.

ಮತ್ತೆ ಮೌಸ್ ಅಲುಗಿಸಿದೆ.

"ಬಂತು ಸರ್," ಎಂದಳು. ಜಯಣ್ಣನವರಿಗೆ ಹೇಳುತ್ತಿದ್ದ ರೂಢಿಯಲ್ಲಿ ಬಾಯಿಂದ ಬಂದ ಮಾತು. ಆ ಕುರ್ಚಿಯಿಂದ ಆಗಲೇ ಎದ್ದುಬಿಡಬೇಕು ಅನ್ನಿಸಿತು ನನಗೆ.

ಇಷ್ಟು ಹೊತ್ತು ಯಾರೂ ಮುಟ್ಟದಿದ್ದರೆ ಹೊಸ ಕಂಪ್ಯೂಟರುಗಳು ತಾವಾಗಿಯೇ ನಿದ್ದೆಗೆ ಜಾರುತ್ತವೆ. ಸ್ಲೀಪ್ ಮೋಡ್ ಎನ್ನುತ್ತೇವೆ. ಹಂಚುವ ಯಂತ್ರವೇ ಮಲಗಿದರೆ ಅದರ ಹಿಂದಿನದಕ್ಕೆ ಸಂಪರ್ಕವಿಲ್ಲ. ಟೇಬಲ್ ಒರೆಸುವಾಗ ಶಾರದಾಳ ಕೈ ತಗುಲಿ ಅದು ಎಚ್ಚರವಾಗುತ್ತಿತ್ತು, ಅಷ್ಟೇ. ಇದನ್ನು ಹೇಳುತ್ತಿದ್ದಂತೆ ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

"ಅವ್ರು ಹೋದ ದಿನಾನೂ ಹಿಂಗೇ ಆಗಿತ್ತಾ ಮೇಡಂ?"

ನಾನು ಉತ್ತರಿಸುವ ಮೊದಲೇ ಅವಳು ಹೇಳತೊಡಗಿದಳು. ಆ ಬೆಳಗ್ಗೆ ಆನೆ ಕೆಳಗಿನ ಬ್ಲಾಕಿನಲ್ಲಿದೆ ಎಂದು ಮೆಸೇಜು ಬಂದಿತ್ತು. ಮೇಸ್ತ್ರಿಗೆ ಕಾಯದೆ ಅಲ್ಲಿಗೆ ಹೊರಟಿದ್ದ ಆಳುಗಳನ್ನು ತಿರುಗಿಸಲು ಜಯಣ್ಣ ವಾಕಿಟಾಕಿ ಹಿಡಿದು ಎದ್ದರು. "ನೋಡ್ತಾ ಇರು ಶಾರದಾ," ಎಂದು ಹೇಳಿ ಹೋದರು. ಆಳುಗಳು ವಾಪಸಾದರು; ಜಯಣ್ಣ ಹಿಂದಿನಿಂದ ರಸ್ತೆಯಲ್ಲಿ ಬರುತ್ತಿದ್ದರು. ಅಷ್ಟರಲ್ಲಿ ಇವಳ ಸಂಪರ್ಕ ಹೋಯಿತು. ಮೇಜಿನಡಿ ಬಗ್ಗಿ ತಂತಿ ಒತ್ತಿದಳು, ಬರಲಿಲ್ಲ. ಅವರ ಕೋಣೆಗೆ ಓಡಿ ಅಲ್ಲಿ ಏನೇನೋ ಮುಟ್ಟಿ ಬಂದಾಗ ಮೆಸೇಜು ಕಾಣಿಸಿತು: ಆನೆ ರಸ್ತೆಗೆ ತಿರುಗಿದೆ. ಅದು ಆಗಲೇ ಹಳೆಯದಾಗಿತ್ತು. ವಾಕಿಟಾಕಿಯಲ್ಲಿ ಕೂಗಿದಳು; ಜಯಣ್ಣ ಉತ್ತರ ಕೊಡಲಿಲ್ಲ.

"ನಾನು ಸೀಟಲ್ಲಿ ಇರ್ಲಿಲ್ಲ ಅಂದ್ರು ಎಲ್ರೂ. ಅವ್ರ ಹೆಂಡ್ತಿ ಇವತ್ತಿಗೂ ನನ್ ಮುಖ ನೋಡಲ್ಲ."

"ಹಿಂಗೇ ಆಗಿದೆ," ಎಂದೆ. "ನೀವು ತಪ್ಪು ಮಾಡಿಲ್ಲ."

ಸಮಾಧಾನವಾಗುತ್ತದೆ ಅಂದುಕೊಂಡಿದ್ದೆ. ಅವಳು ಕಣ್ಣೊರೆಸಿಕೊಂಡು ಕೇಳಿದಳು: "ಅಂದ್ರೆ ಅವ್ರೇ ಜೋಡಿಸಿದ್ದು ಅವ್ರನ್ನ... ಮೇಡಂ, ಇದನ್ನ ಅವ್ರ ಹೆಂಡ್ತಿಗೆ ಹೇಳ್ಬೇಡಿ. ಈಗ ನನ್ ಮೇಲಾದ್ರೂ ಸಿಟ್ಟಿದೆ ಅವ್ರಿಗೆ. ಅದೂ ಇಲ್ದಿದ್ರೆ ಏನ್ ಮಾಡ್ತಾರೆ?"

ಹೊರಗೆ ನಿಂತು ಕೇಳಿಸಿಕೊಂಡಿದ್ದ ಚಂದ್ರೇಗೌಡರು ಒಳಗೆ ಬಂದರು. "ನಿನ್ ತಲೆ ಮೇಲೆ ಹಾಕ್ದೋರಲ್ಲಿ ನಾನೂ ಒಬ್ಬ ಮಾರಾಯ್ತಿ. ಹೇಳ್ಬೇಕು. ನಾನೇ ಹೋಗ್ತೀನಿ," ಎಂದು ಜೀಪು ಹತ್ತಿದರು.

ನಾನು ಆ ಏರ್ಪಾಡನ್ನು ಕಳಚಿ, ಒಂದು ಕಂಪ್ಯೂಟರ್ ಇನ್ನೊಂದನ್ನು ನೆಚ್ಚದಂತೆ ನಡುವೆ ರೂಟರ್ ಇಟ್ಟೆ. ಕೆಲಸ ಸಣ್ಣದು. ಕಳಚಿದ ತಂತಿಯ ತುದಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಅದನ್ನು ಕತ್ತರಿಸುವಾಗ ನನ್ನ ಕೈ ತಡೆಯಿತು.

ಜಯಣ್ಣನವರ ಹೆಂಡತಿ ಏನೆಂದರೋ ನಾನು ಕೇಳಲಿಲ್ಲ. ಮರುವರ್ಷ ಹೋದಾಗ ಅವರು ಶಾರದಾಳನ್ನು ಮನೆಗೆ ಕರೆಯುತ್ತಿದ್ದಾರೆಂದು ತಿಳಿಯಿತು. ಆದರೆ ಆಳುಗಳು ತೋಟದಲ್ಲಿರುವಷ್ಟು ಹೊತ್ತು ಶಾರದಾ ನೀರು ಕುಡಿಯಲೂ ಕುರ್ಚಿ ಬಿಟ್ಟೇಳುವುದಿಲ್ಲವಂತೆ. ಅದನ್ನು ಸರಿಪಡಿಸುವ ವಿದ್ಯೆ ನನ್ನಲ್ಲಿರಲಿಲ್ಲ.

ಎಲ್ಲರೂ ಕೂತು ಕೆಲಸ ಮಾಡುತ್ತಿರುವಾಗ ಪರೀಕ್ಷೆ ಮಾಡಿ, ಸರಿಯಾಗಿದೆ ಎಂದು ಹೊರಡುವುದು ನಮ್ಮ ವೃತ್ತಿಯ ರೂಢಿ. ನಾನು ಅದನ್ನು ಬಿಟ್ಟೆ. ಈಗ ಯಾವ ಆಫೀಸಿಗೆ ಹೋದರೂ, ಕೊನೆಯಲ್ಲಿ ಎಲ್ಲರನ್ನೂ ಹೊರಗೆ ಕಳಿಸಿ ಕಾಯುತ್ತೇನೆ. ಮನುಷ್ಯ ಎದ್ದು ಹೋದ ಮೇಲೂ ನಡೆಯುವಂತಿದ್ದರೆ ಮಾತ್ರ ಅದನ್ನು ನಂಬಬಹುದು.