ಶಾನಭಾಗ ವಕೀಲರ ಖಾನೆಯ ಕತ್ತಿಗಳು

ಹೊನ್ನಾವರದ ಶಾನಭಾಗ ವಕೀಲರ ಬಲಗೈಯಲ್ಲಿ ಮೂರೇ ಬೆರಳು. ಉಳಿದೆರಡು ನನ್ನ ಕುತ್ತಿಗೆಯ ಬದಲಿಗೆ ಹೋದವು.

ನಾನು ನಾಲ್ಕನೇ ಇಯತ್ತೆಗೇ ಶಾಲೆ ಬಿಟ್ಟವ. ಮಂಕಿಯಲ್ಲಿ ತೆಂಗಿನಮರ ಹತ್ತಿದ ಈ ಕೈಯಿಂದಲೇ ಎಣ್ಣೆ ಗಿರಣಿ ಕಟ್ಟಿದೆ, ಯಾರ ಹಂಗೂ ಇಲ್ಲ. ಡಬ್ಬಿಯ ಮೇಲೆ ಅಮ್ಮನ ಮೋರೆಯ ಫೋಟೋ ಹಾಕಿಸಿದ್ದೆ. ಅದನ್ನು ಟ್ರೇಡ್‌ಮಾರ್ಕ್ ಎಂದು ನೋಂದಾಯಿಸಿಕೊಟ್ಟವರು ಇವರೇ. ನಮ್ಮ ಕಡೆಯ ಉಳಿದ ವಕೀಲರು ಗದ್ದೆ, ಪಾಲುಪಟ್ಟಿಯಲ್ಲಿ ಮುಳುಗಿದ್ದಾಗ ಇವರೊಬ್ಬರು ಅಂಗಡಿ, ಗಿರಣಿಯವರ ಹೆಸರು, ಗುರುತಿನ ದಾವೆ ನಡೆಸುತ್ತಿದ್ದರು. "ಗದ್ದೆಗೆ ಬೇಲಿ ಹಾಕ್ತ್ರಿ, ಹೆಸರಿಗೆ ಎಂತಕ್ಕೆ ಹಾಕುದಿಲ್ಲ?" ಎಂದು ಎಲ್ಲರನ್ನೂ ಕೇಳುವರು.

ಅವರ ಕಚೇರಿಯಲ್ಲಿ ಒಂದು ಪದ್ಧತಿ. ಸಿಟ್ಟಿನಲ್ಲಿ ಬಂದ ಕಕ್ಷಿದಾರ ಸೊಂಟದ ಕೊಕ್ಕೆಗೆ ಸಿಕ್ಕಿಸಿದ ಕತ್ತಿಯನ್ನು ಮೇಜಿನ ಮೇಲಿಡಬೇಕು. ಅದಕ್ಕೆ ಚೀಟಿ ಕಟ್ಟಿ, ದಾವೆಯ ಹಾಗೆಯೇ ಇಂಥವ ವಿರುದ್ಧ ಇಂಥವ ಎಂದು ಬರೆದು ಖಾನೆಯಲ್ಲಿಟ್ಟು ಬೀಗ ಹಾಕುವರು. ಸಿಟ್ಟು ಇಳಿದ ಮೇಲೆ ವಾಪಸು. ಕೊಡುವಾಗ ಅಲಗನ್ನು ತಾವು ಹಿಡಿದು, ಹಿಡಿಯನ್ನು ಎದುರಿನವನ ಕಡೆ ಚಾಚುವರು. ನಮ್ಮೆಲ್ಲರ ಮನೆಯಲ್ಲಿ ಇನ್ನೆರಡು ಕತ್ತಿ ಇರುತ್ತವೆ ಎಂದು ಅವರಿಗೆ ಗೊತ್ತಿರಲಿಲ್ಲ ಎಂದಲ್ಲ.

ಕುಮಟೆಯ ಗಜಾನನ ಎಂಬವ ನನ್ನ ಡಬ್ಬಿಯನ್ನೇ ನಕಲು ಮಾಡಿ, ಅಮ್ಮನ ಮೋರೆಯ ಹಿಂದೆ ಕಲಬೆರಕೆ ಎಣ್ಣೆ ತುಂಬಿ ಭಟ್ಕಳದ ತನಕ ಮಾರಿದ. ಆ ಎಣ್ಣೆ ತಿಂದು ಒಬ್ಬನ ಮನೆಮಂದಿಯೆಲ್ಲ ವಾಂತಿ ಮಾಡಿಕೊಂಡರು. ಅಂವ ಡಬ್ಬಿ ವಾಪಸು ಕೊಡಲು ಹೊರಟವ ಭಟ್ಕಳ ಪೇಟೆಯಲ್ಲಿ ಡಬ್ಬಿಯ ಮೋರೆಯನ್ನೇ ಎದುರಿಗೆ ಕಂಡ, ಸಂತೆಗೆ ಹೋಗಿದ್ದ ಅಮ್ಮ. ಅದೇ ಡಬ್ಬಿಯಿಂದ ಅಮ್ಮನಿಗೆ ಹೊಡೆದ. ಹುಬ್ಬಿನಿಂದ ಕೂದಲಿನ ತನಕ ಹಣೆ ಸೀಳಿತು.

ಅವಳ ರಕ್ತ ಮೆತ್ತಿದ ಅಂಗಿಯಲ್ಲೇ ಕುಮಟೆಗೆ ಹೊರಟೆ. ದಾರಿಯಲ್ಲಿ ಹೊನ್ನಾವರದಲ್ಲಿ ಇಳಿದೆ, ವಕೀಲರಿಗೆ ಹೇಳಿ ಹೋಗೋಣ ಎಂದು. ಗಜಾನನನನ್ನು ಕಡಿದು ಬರುತ್ತೇನೆ, ಆಮೇಲಿನ ಕೇಸು ನೀವೇ ಹಿಡಿಯಬೇಕು ಎಂದೆ.

"ಅದು ಕ್ರಿಮಿನಲ್ಲು ಮಾರಾಯ, ನಂಗೆ ಬರೂದಿಲ್ಲ. ಕತ್ತಿ ಇಡು."

ಇಟ್ಟೆ.

ಅವರು ಕಾರವಾರದ ಕೋರ್ಟಿನಿಂದ ತಡೆಯಾಜ್ಞೆ ತಂದರು. ಕೋರ್ಟು ನೇಮಿಸಿದ ಕಮಿಷನರ ಜೊತೆ ಗಜಾನನನ ಗೋದಾಮಿಗೆ ಹೋದೆವು. ಬಾಗಿಲು ತೆರೆದರೆ ಗೋಡೆಯುದ್ದಕ್ಕೂ ಅಮ್ಮನ ಮೋರೆ. ನಾನು ಒಂದು ಡಬ್ಬಿ ಎತ್ತಿ ಗಜಾನನನ ಹಲ್ಲಿಗೇ ಜಡಿದೆ. ಅಂವ ಕತ್ತಿ ತೆಗೆದು ನನ್ನ ಕುತ್ತಿಗೆಗೆ ಬೀಸಿದ. ನನ್ನ ಕೈ ಸೊಂಟಕ್ಕೆ ಹೋಯಿತು, ಕೊಕ್ಕೆ ಖಾಲಿ. ನಡುವೆ ವಕೀಲರ ಕೈ ಬಂತು. ಎಣ್ಣೆ ಚೆಲ್ಲಿದ ನೆಲದ ಮೇಲೆ ಎರಡು ಬೆರಳು ಬಿದ್ದವು. ಗಜಾನನ ಕತ್ತಿ ಬಿಟ್ಟು ಕುಸಿದು ಕೂತ. ವಕೀಲರು ಕರಿಕೋಟಿನಲ್ಲಿ ಕೈ ಸುತ್ತಿಕೊಂಡು ಕಮಿಷನರಿಗೆ ಹೇಳಿದ್ದು ಒಂದೇ ಮಾತು: "ಡಬ್ಬಿಗೆ ಸೀಲು ಹಾಕಿ."

ಗಜಾನನನ ಕತ್ತಿಯನ್ನು ಎಡಗೈಯಲ್ಲಿ ಎತ್ತಿಕೊಂಡರು, ಪೊಲೀಸರಿಗೆ ಕೊಡಲಿಲ್ಲ. ಆಸ್ಪತ್ರೆಯಲ್ಲಿ, ಬೆರಳು ಗಿರಣಿಯ ಯಂತ್ರಕ್ಕೆ ಸಿಕ್ಕಿದ್ದು ಎಂದರು, ಕಮಿಷನರನ್ನೂ ಹಾಗೇ ಒಪ್ಪಿಸಿದರು. ನಾನು ಜಗಳವಾಡಿದೆ. "ಅಂವ ಜೈಲಿಂದ ಬಂದ್ರೆ ಮೊದಲು ನಿನ್ನ ಮನೆಗೇ ಬರ್ತ. ನೀ ಕಾಯ್ತಾ ಇರ್ತೆ. ಅಷ್ಟೇ ಮತ್ತೆ" ಎಂದರು.

ವಿಚಾರಣೆಯ ದಿನ, ಇಂಥ ಮೋರೆಯ ಮುದುಕಿಯರು ಊರಿಗೆ ನೂರು ಎಂದು ಗಜಾನನನ ವಕೀಲ ನಕ್ಕ. ಶಾನಭಾಗರು ಬ್ಯಾಂಡೇಜಿನ ಕೈಯಲ್ಲಿ ಡಬ್ಬಿ ಎತ್ತಿ ಅಮ್ಮನ ಮೋರೆಯ ಪಕ್ಕ ಹಿಡಿದರು. "ಸ್ವಾಮಿ, ಈ ಎರಡಕ್ಕೂ ಇರುವ ವ್ಯತ್ಯಾಸ ಹಣೆಯ ಗಾಯ ಒಂದೇ. ಅದನ್ನು ಮಾಡಿದ್ದೂ ಪ್ರತಿವಾದಿಯ ಡಬ್ಬಿ."

ಗೆದ್ದೆವು. ಕತ್ತಿ ಕೇಳಲು ಹೋದೆ. ಸಿಟ್ಟು ಇಳಿಯಿತಾ ಎಂದು ಕೇಳಿದರು. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ, ಇಲ್ಲ ಎಂದೆ.

"ಆತು. ಇಲ್ಲೇ ಇರ್ಲಿ."

ಪ್ರತಿ ವರ್ಷ ಕೇಳುವರು. ಪ್ರತಿ ವರ್ಷ ಅದೇ ಉತ್ತರ.

ಅವರು ತೀರಿಕೊಂಡ ಸುದ್ದಿ ಕೇಳಿ ನಾನು ಹೋದಾಗ ಅವರ ಹೆಂಡತಿ ಖಾನೆ ತೆರೆದರು. ಒಂದೇ ಹುರಿಯಲ್ಲಿ ಕಟ್ಟಿದ ಎರಡು ಕತ್ತಿಗಳಿದ್ದವು. ನನ್ನದರ ಚೀಟಿಯಲ್ಲಿ 'ಮಂಜುನಾಥ ವಿರುದ್ಧ ಗಜಾನನ'. ಇನ್ನೊಂದರಲ್ಲಿ, ಎಡಗೈಯ ಸೊಟ್ಟ ಅಕ್ಷರದಲ್ಲಿ, 'ಗಜಾನನ ವಿರುದ್ಧ ಮಂಜುನಾಥ'. ಇಬ್ಬರಲ್ಲಿ ಮೊದಲು ಬಂದವನ ಕೈಗೆ ಎರಡೂ ಕೊಡು ಎಂದು ಹೇಳಿಹೋಗಿದ್ದರಂತೆ.

ಕುಮಟೆ ಬಸ್ಸು ಹತ್ತಿದೆ. ಗಜಾನನ ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ. ಎದುರಿನ ಹಲ್ಲುಗಳಿರಲಿಲ್ಲ. ನನ್ನ ಕೈಯಲ್ಲಿ ಕತ್ತಿ ಕಂಡು ಎದ್ದು ನಿಂತ, ಓಡಲಿಲ್ಲ. ವಕೀಲರು ಹೋದರು ಎಂದೆ. ಹುರಿ ಬಿಚ್ಚಿ, ನನ್ನದನ್ನು ಕೊಕ್ಕೆಗೆ ಹಾಕಿಕೊಂಡು, ಅವನದರ ಅಲಗನ್ನು ಮುಷ್ಟಿಯಲ್ಲಿ ಹಿಡಿದು, ಹಿಡಿಯನ್ನು ಅವನ ಕಡೆ ಚಾಚಿದೆ.

ಅಂವ ಅದನ್ನು ತೆಗೆದುಕೊಳ್ಳಲು ಬಹಳ ಹೊತ್ತು ಮಾಡಿದ.