ಬರಿಗೈಲಿ ನಾಲೆ ಏರಿ ಮೇಲೆ

ನಮ್ಮ ಕಡೆ ಹೆಂಗಸೊಬ್ಬಳು ‘ನಾಲೆ ಕಡೆ ಹೋದಳು’ ಅಂದರೆ ಅದಕ್ಕೆ ಒಂದೇ ಅರ್ಥ. ಬಟ್ಟೆ ಒಗೆಯಲು ಹೋದವಳನ್ನು ‘ಬಟ್ಟೆಗೆ ಹೋದಳು’ ಅನ್ನುತ್ತಾರೆ, ಹುಲ್ಲು ಕುಯ್ಯಲು ಹೋದವಳನ್ನು ‘ಹುಲ್ಲಿಗೆ ಹೋದಳು’ ಅನ್ನುತ್ತಾರೆ. ಬರೀ ನಾಲೆ ಕಡೆ ಹೋದವಳನ್ನು ಹುಡುಕಿಕೊಂಡು ಹಿಂದೆ ನಾಲ್ಕು ಜನ ಓಡುತ್ತಾರೆ. ಕಿಕ್ಕೇರಿ ಸೀಮೆಯಿಂದ ಪಾಂಡವಪುರದ ಪಕ್ಕದ ಈ ಹಳ್ಳಿಗೆ ಮದುವೆಯಾಗಿ ಬಂದು ತಲೆ ನರೆತ ನನಗೆ ಇದು ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ನಡೆಯಲು ಆ ಏರಿಯನ್ನೇ ಹಿಡಿದೆ. ಬೇರೆ ಜಾಗವೇ ಇರಲಿಲ್ಲ.

ಆ ವರ್ಷ ನನಗೆ ಏನೋ ಆಗಿತ್ತು. ಜ್ವರವಲ್ಲ, ನೋವಲ್ಲ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಚೆಂಬು ಎತ್ತಿದರೆ ಕೊಪ್ಪರಿಗೆ ಎತ್ತಿದಷ್ಟು ಭಾರ. ಮುದ್ದೆ ತೊಳಸುತ್ತಾ ನಿಂತವಳು ಹಾಗೇ ನಿಂತುಬಿಡುತ್ತಿದ್ದೆ, ತಳ ಹಿಡಿದ ವಾಸನೆ ಬಂದಾಗಲೇ ಎಚ್ಚರ. ಅಳು ಬರುತ್ತಿತ್ತು, ಕಾರಣ ಬರುತ್ತಿರಲಿಲ್ಲ.

ಕಾರಣ ನಮ್ಮ ಅತ್ತೆಗೆ ಗೊತ್ತಿತ್ತು. ಜಗಲಿ ಮೇಲೆ ಕೂತು ಅವರೆಕಾಯಿ ಸುಲಿಯುತ್ತಾ ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. “ಮಿಕ್ಸಿ ಬಂತು, ಗ್ಯಾಸು ಬಂತು, ಬಟ್ಟೆ ಒಗ್ಯಾಕೂ ಮಿಷನ್ನು ಬಂತು. ಕೈಗೆ ಕೆಲಸ ಇಲ್ದಿದ್ರೆ ತಲೆ ಕೆಡ್ದೆ ಇನ್ನೇನಾದದು? ನಮ್ ಕಾಲ್ದಲ್ಲಿ ತಲೆ ಕೆಡಿಸ್ಕಳಾಕೆ ಪುರಸೊತ್ತಾದ್ರೂ ಎಲ್ಲಿತ್ತಮ್ಮಿ?”

ಗಂಜಾಂನ ನಿಮಿಷಾಂಬ ಗುಡಿಗೆ ಹೋಗಿಬರುತ್ತೇನೆ ಅಂತ ಹೇಳಿ ಹೊರಟು, ಶ್ರೀರಂಗಪಟ್ಟಣದಲ್ಲಿ ಬಸ್ಸಿಳಿದು, ಮನಸ್ಸಿನ ಕಾಯಿಲೆ ನೋಡುವ ಡಾಕ್ಟರಮ್ಮನ ಹತ್ತಿರ ಹೋದೆ. ಹೇಳಿದ ಮಾತು ಸುಳ್ಳಾಗಬಾರದು ಅಂತ ಆಮೇಲೆ ಗುಡಿಗೂ ಹೋಗಿ ನಿಂಬೆಹಣ್ಣು ತಂದೆ. ಅತ್ತೆ ಅದನ್ನು ನನ್ನ ತಲೆಗೆ ನಿವಾಳಿಸಿ ಮೂರು ದಾರಿ ಸೇರುವ ಕಡೆ ಎಸೆದು ಬಂದರು.

ಡಾಕ್ಟರಮ್ಮ ಹೇಳಿದ್ದು ದೊಡ್ಡ ಸಂಗತಿಯೇನಲ್ಲ. ತಿಂಡಿಯಾದ ಮೇಲೆ ಮಾತ್ರೆ, ಒಂದು ದಿನವೂ ತಪ್ಪಿಸುವ ಹಾಗಿಲ್ಲ. ಯಾರಾದರೂ ಒಬ್ಬರ ಹತ್ತಿರ ದಿನಕ್ಕೊಂದು ಮಾತನ್ನಾದರೂ ನಿಜವಾಗಿ ಆಡಬೇಕು. ಆಮೇಲೆ ಎಳೆ ಬಿಸಿಲಿನಲ್ಲಿ ನಡೆಯಬೇಕು. “ನಾನು ದಿನಾ ನಡೀತಾನೇ ಇರ್ತೀನಲ್ಲ, ಗದ್ದೆಗೆ, ಡೇರಿಗೆ” ಅಂದೆ. “ಅದು ಕೆಲಸದ ನಡಿಗೆ. ಇದಕ್ಕೆ ಕೈಯಲ್ಲಿ ಏನೂ ಇರಬಾರದು. ಕೈ ಬೀಸಿಕೊಂಡು ಹೋಗಿ. ಇದು ನಿಮ್ಮದು” ಅಂದರು.

ಬಸ್ಸಿನಲ್ಲಿ ಬರುತ್ತಾ ಎಲ್ಲಿ ನಡೆಯುವುದು ಅಂತ ಯೋಚಿಸಿದೆ. ಟಾರು ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳು. ಗದ್ದೆ ಬದುವಿನ ಮೇಲೆ ಕೈ ಬೀಸಿದರೆ ಕೆಸರಿಗೆ ಬೀಳುವುದೇ. ಕೆರೆ ಏರಿ ಬೆಳಗಿನ ಹೊತ್ತು ಗಂಡಸರದ್ದು. ಉಳಿದದ್ದು ನಾಲೆ ಏರಿ. ಸಮತಟ್ಟು ಮಣ್ಣಿನ ದಾರಿ, ಪಕ್ಕದಲ್ಲಿ ಹೊಂಗೆಮರ.

ಡೇರಿಗೆ ಹಾಲು ಹಾಕಿ, ಮನೆಯವರಿಗೆಲ್ಲ ತಿಂಡಿ ಮಾಡಿಕೊಟ್ಟು, ಮಾತ್ರೆ ನುಂಗಿ ಹೊರಟೆ. ಮೊದಲ ದಿನವೇ ಬೀದಿಯ ಕೊನೆಯಲ್ಲಿ ಒಬ್ಬರು ಕೇಳಿದರು, “ಎಲ್ಗವ್ವ?” “ಎಲ್ಗೂ ಇಲ್ಲ, ಸುಮ್ನೆ” ಅಂದೆ. ಆ ಪ್ರಶ್ನೆಗೆ ನಮ್ಮೂರಿನಲ್ಲಿ ಯಾರೂ ಹಾಗೆ ಉತ್ತರ ಕೊಟ್ಟಿರಲಿಕ್ಕಿಲ್ಲ. ಅವರ ಮುಖ ನೋಡಿಯೇ ನನಗೆ ತಿಳಿಯಬೇಕಿತ್ತು.

ವಾರ ತುಂಬುವುದರೊಳಗೆ ಹಿಂದಿನಿಂದ ಬೈಕಿನ ಸದ್ದು ಕೇಳಿತು. ತಿರುಗಿ ನೋಡಿದರೆ ನನ್ನ ಗಂಡ. ಸಲೂನಿನ ಕುರ್ಚಿಯಿಂದ ಎದ್ದು ಬಂದಿದ್ದರು. ಒಂದು ಕೆನ್ನೆ ನುಣ್ಣಗೆ, ಇನ್ನೊಂದರಲ್ಲಿ ನೊರೆ. ಬೈಕಿಗೆ ಸ್ಟ್ಯಾಂಡೂ ಹಾಕದೆ ಮರಕ್ಕೆ ಒರಗಿಸಿ ನನ್ನ ರಟ್ಟೆ ಹಿಡಿದರು. ಅವರ ಹಿಂದೆ ಊರಿನ ಏಳೆಂಟು ಜನ.

“ಸಾಯಂಗಿದ್ರೆ ನಿಮ್ಮೂರ್ ಕಡೆ ಹೋಗಿ ಸಾಯಿ! ಹೇಮಗಿರಿಲಿ ಹೊಳೆ ಇಲ್ವಾ? ನನ್ ಮಾನ ಕಳ್ಯಾಕೆ ಇದೇ ನಾಲೆ ಬೇಕಿತ್ತಾ?”

“ನಡೆಯೋಕೆ ಬಂದೆ. ಡಾಕ್ಟ್ರು ಹೇಳವ್ರೆ.”

“ಯಾವ್ ಡಾಕ್ಟ್ರು?”

ನಿಂಬೆಹಣ್ಣಿನ ಗುಟ್ಟು ಅವತ್ತೇ ರಟ್ಟಾಯಿತು. ಮನೆಗೆ ಕರೆತಂದ ಮೇಲೆ ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಂದೇ ಮಾತು ಹೇಳಿದರು. “ಸೀರೆ ಒದ್ದೆ ಆಗಿಲ್ವಲ್ಲ. ಬರೀ ಹೆದರ್ಸಾಕೆ ಹೋಗಿದ್ಲು.”

ಆದರೂ ಬಿಡಲಿಲ್ಲ ನಾನು. ಆ ಕೆಲವೇ ದಿನಗಳಲ್ಲಿ ಚೆಂಬು ಚೆಂಬಿನಷ್ಟೇ ಭಾರವಾಗತೊಡಗಿತ್ತು. ಆ ಗುಣ ಕಂಡುಕೊಂಡವಳು ನಾನೊಬ್ಬಳೇ, ಬೇರೆ ಯಾರಿಗೂ ಅದು ಕಾಣುವಂಥದ್ದಲ್ಲ. ಮತ್ತೆ ಹೊರಟೆ.

ಈ ಸಲ ತೂಬಿನ ಹತ್ತಿರ ನೀರುಗಂಟಿ ಕಾದಿದ್ದ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಬಿಡುವವನು, ವಯಸ್ಸಾದವನು. ಹೆಗಲ ಮೇಲೆ ಯಾವಾಗಲೂ ಒಂದು ತೆಂಗಿನ ನಾರಿನ ಹಗ್ಗ. ವರಸೆಯಲ್ಲಿ ನನಗೆ ಮಾವನಾಗಬೇಕು. ಬೀಡಿ ಆರಿಸಿ ಹತ್ತಿರ ಬಂದ.

“ಬ್ಯಾಜಾರ್ ಮಾಡ್ಕಬ್ಯಾಡ ಕಣವ್ವ, ಒಂದ್ ಮಾತ್ ಹೇಳ್ತೀನಿ. ಆ ತೂಬಿಂದ ಈ ತೂಬಿನ್ ಗಂಟ ನಂದು. ಇದ್ರೊಳಗೆ ಯಾರಾರ ಬಿದ್ರೆ ಪೊಲೀಸ್ನೋರು ನನ್ನೇ ಕರೆಯಾದು. ಹೋದ್ಸಲ ದಿನಗಟ್ಲೆ ಕೂರುಸ್ಕಂಡ್ರು, ಒಂದ್ಲೋಟ ಕಾಪಿ ಕೊಡ್ನಿಲ್ಲ. ಬೀಳ್ಲೇಬೇಕು ಅಂತ ಇದ್ರೆ ಆ ತೂಬು ದಾಟ್ಬುಡು. ಅಲ್ಲಿಂದಾಚೆಗೆ ನನ್ ಭಾಮೈದುಂದು. ಅವನ್ಗೂ ನಂಗೂ ಆಗಾಕಿಲ್ಲ.”

“ಸಾಯಾಕೆ ಬಂದಿಲ್ಲ ಮಾವ. ನಡೆಯೋಕೆ ಬಂದಿದೀನಿ.”

“ಎಲ್ಲಾರೂ ನಡ್ಕಂಡೇ ಬರಾದು ಕಣವ್ವ.”

ಕೋಪ ಬರಬೇಕಾಗಿತ್ತು. ನನಗೆ ನಗು ಬಂತು. ನಾನು ನಕ್ಕಿದ್ದು ನೋಡಿ ಅವನಿಗೆ ಇನ್ನೂ ಭಯವಾಯಿತು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದ. “ಒಂದ್ ಕೆಲಸ ಮಾಡು. ಕೈಲೊಂದು ಕುಡ್ಲು ಇಡ್ಕ. ಕುಡ್ಲು ಇದ್ರೆ ಯಾರೂ ಏನೂ ಕೇಳಾಕಿಲ್ಲ. ಬರಿಗೈ ಎಂಗ್ಸು ಏರಿ ಮೇಲೆ ಓಡಾಡುದ್ರೆ ನಮ್ಗೆ ಎದೆ ಒಡ್ಕತದೆ.”

ಮಾರನೆಯ ದಿನ ಕುಡುಗೋಲು ಹಿಡಿದು ಹೊರಟೆ. ಅವನು ಹೇಳಿದ್ದು ನಿಜವೇ ಆಯಿತು. “ಎಲ್ಗವ್ವ?” “ಹುಲ್ಗೆ.” “ಹೂಂ, ಹೋಗ್ಬಾ.” ಗಂಡ ನೆಮ್ಮದಿಯಾಗಿ ಎರಡೂ ಕೆನ್ನೆ ಹೆರೆಸಿಕೊಂಡರು. ಆದರೆ ಕುಡುಗೋಲು ಹಿಡಿದವಳು ಬರಿಗೈಲಿ ವಾಪಸು ಬರುವುದು ಹೇಗೆ? ಒಂದು ಹಿಡಿ ಹುಲ್ಲು ತಂದೆ. ಅತ್ತೆ ಅದನ್ನು ಎಮ್ಮೆಯ ಮುಂದೆ ಎಸೆದು, “ಇಷ್ಟೇನಾ? ಇದು ಅದರ ಹಲ್ಲು ಸಂದೀಗೂ ಸಾಲ್ದು” ಅಂದರು. ಮರುದಿನ ಒಂದು ಕಂತೆ. ಆಮೇಲೆ ಅರ್ಧ ಹೊರೆ. ನನ್ನ ನಡಿಗೆ ತಿಂಗಳೊಳಗೆ ಹುಲ್ಲಾಗಿ ಕೊಟ್ಟಿಗೆ ಸೇರಿತು. ಚೆಂಬು ಮತ್ತೆ ಭಾರವಾಗತೊಡಗಿತು.

ಸಾಲದ್ದಕ್ಕೆ ಹೋಲಿಕೆ. ಪಕ್ಕದ ಮನೆಯ ಸೊಸೆ ನಾಗಮಂಗಲದ ಕಡೆಯವಳು, ನನಗಿಂತ ಬಹಳ ಚಿಕ್ಕವಳು. ಬೆಳಗಾದರೆ ತಲೆ ಮೇಲೊಂದು ತುಂಬು ಹೊರೆ. “ಅವುಳ್ನ ನೋಡಿ ಕಲ್ತ್ಕ. ಬಾಯಿಲ್ಲ, ಕೈ ಮಾತ್ರ ಅವೆ. ಸೊಸೆ ಅಂದ್ರೆ ಅಂಗಿರ್ಬೇಕು” ಅನ್ನುತ್ತಿದ್ದರು ಅತ್ತೆ. ಅದನ್ನು ಅವಳಿಗೂ ಕೇಳಿಸುವ ಹಾಗೆ ಹೇಳುತ್ತಿದ್ದರು.

ಬಾಯಿಲ್ಲದವಳೇನಲ್ಲ ಅವಳು. ಏರಿಯ ಮೇಲೆ ಇಬ್ಬರೇ ಸಿಕ್ಕಾಗ ಚೆನ್ನಾಗಿ ಮಾತಾಡುತ್ತಿದ್ದಳು. ದಿನಕ್ಕೊಂದು ನಿಜ ಹೇಳಬೇಕೆಂದು ಡಾಕ್ಟರಮ್ಮ ಹೇಳಿದ್ದರಲ್ಲ, ಅದಕ್ಕೆ ನನಗೆ ಸಿಕ್ಕವಳು ಅವಳೇ. ಒಂದು ದಿನ, “ಇವತ್ತು ಬೆಳಿಗ್ಗೆ ಎದ್ದ ತಕ್ಷಣ ಅತ್ತೆ” ಅಂದೆ.

“ಎದ್ದ ತಕ್ಷಣವೇ ಅತ್ತೆನಾ? ಯಾರ್ದು, ನಿಮ್ದಾ ನಮ್ದಾ?” ಅಂದಳು.

ಇಬ್ಬರೂ ಹುಲ್ಲಿನ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗು ನಿಂತ ಮೇಲೆ ಅವಳು ಕುಡುಗೋಲಿನ ತುದಿಯಿಂದ ಮಣ್ಣು ಕೆರೆಯುತ್ತಾ ಕೇಳಿದಳು, “ಅಕ್ಕ, ಆ ಮಾತ್ರೆ ನುಂಗುದ್ರೆ ನಿದ್ದೆ ಬತ್ತದಾ?”

“ನಿಧಾನಕ್ಕೆ ಬರುತ್ತೆ. ಬತ್ತೀಯಾ, ಕರ್ಕೊಂಡು ಹೋಗ್ತೀನಿ?”

“ಅಯ್ಯೋ, ನಂಗ್ಯಾಕಕ್ಕ? ಹೊರೆ ಹೊತ್ರೆ ತಾನಾಗೇ ನಿದ್ದೆ ಬತ್ತದೆ” ಅಂದು ಎದ್ದು ಹೊರೆ ಎತ್ತಲು ಕೈ ಕೊಡಿ ಅಂದಳು. ಕೊಟ್ಟೆ.

ಅದಾಗಿ ಸ್ವಲ್ಪ ದಿನಕ್ಕೆ, ಬೆಳಿಗ್ಗೆ ನಾನಿನ್ನೂ ದೋಸೆ ಹುಯ್ಯುತ್ತಿದ್ದಾಗ ಬೀದಿಯಲ್ಲಿ ಕೂಗು ಎದ್ದಿತು. ಜನ ನಾಲೆ ಕಡೆ ಓಡುತ್ತಿದ್ದರು. ಅವರಲ್ಲಿ ಒಬ್ಬರು ನಮ್ಮ ಮನೆಗೆ ಇಣುಕಿ, ಒಲೆ ಮುಂದೆ ನನ್ನನ್ನು ಕಂಡು ಬೆಚ್ಚಿ, “ನೀನು ಇಲ್ಲೇ ಇದ್ದೀಯಾ? ಅಂಗಾರೆ ಅದ್ಯಾರು?” ಅಂದರು.

ಅವಳೇ. ನೀರುಗಂಟಿ ಹಗ್ಗ ಎಸೆದು, ಯಾರೋ ಟ್ರಾಕ್ಟರಿನವನನ್ನು ಕೂಗಿ ಕರೆದು, ಅವಳನ್ನು ಏರಿಯ ಮೇಲೆ ಎಳೆದು ಹಾಕಿದ್ದ. ನಾನು ಹೋಗುವಷ್ಟರಲ್ಲಿ ಅವಳು ಮಗ್ಗುಲಾಗಿ ಮಲಗಿ ಕೆಮ್ಮುತ್ತಿದ್ದಳು. ಜೀವ ಇತ್ತು. ಅವನು ಅವಳ ಬೆನ್ನು ತಟ್ಟುತ್ತಾ ಬೈಯುತ್ತಿದ್ದ. “ನನ್ ಹದ್ದೇ ಬೇಕಿತ್ತಾ ನಿಂಗೆ? ಇನ್ನೊಂದ್ ಮಾರು ಹೋಗಿದ್ರೆ ನನ್ ಭಾಮೈದುಂದಾಗ್ತಿತ್ತಲ್ಲಾ!” ಬೈಯುತ್ತಲೇ ತನ್ನ ಟವೆಲ್ಲು ತೆಗೆದು ಅವಳಿಗೆ ಹೊದಿಸಿದ.

ಪಕ್ಕದಲ್ಲಿ ಅವಳ ಹೊರೆ. ಎಂದಿನ ಹಾಗೇ ತುಂಬು ಹೊರೆ, ಬಿಗಿಯಾಗಿ ಕಟ್ಟಿ, ಗಂಟಿನೊಳಗೆ ಕುಡುಗೋಲು ಸಿಕ್ಕಿಸಿ ಇಟ್ಟಿದ್ದಳು.

ಅವಳ ಅತ್ತೆ ಎದೆ ಬಡಿದುಕೊಳ್ಳುತ್ತಿದ್ದರು. “ಏನ್ ಕಮ್ಮಿ ಮಾಡಿದ್ದೋ ಮುಂಡೇದೆ ನಿಂಗೆ?” ಅವಳ ಗಂಡ ದೂರ ನಿಂತು ಯಾರೂ ಫೋನಿನಲ್ಲಿ ವಿಡಿಯೋ ಮಾಡದ ಹಾಗೆ ಕೈ ಅಡ್ಡ ಹಿಡಿಯುತ್ತಿದ್ದ. ನಮ್ಮ ಅತ್ತೆಯ ಕಣ್ಣು ಮಾತ್ರ ಹೊರೆಯ ಮೇಲೆ. “ಕುಯ್ದು, ಕಟ್ಟಿ ಇಟ್ಬುಟ್ಟೇ ಬಿದ್ದವ್ಳೆ ನೋಡಿ. ಪಾಪ, ಎಂಥಾ ಕೆಲಸಗಾತಿ” ಅಂದರು. ಅದು ವ್ಯಂಗ್ಯವಲ್ಲ. ಮನಸಾರೆ ಹೊಗಳಿದ್ದು.

ಅವಳನ್ನು ಆಟೋಗೆ ಹಾಕಿಕೊಂಡು ಮಂಡ್ಯದ ಆಸ್ಪತ್ರೆಗೆ ಹೋದರು. ಹೊರೆಯನ್ನು ಅವಳ ಮೈದುನ ಬೈಕಿನ ಹಿಂದೆ ಇಟ್ಟುಕೊಂಡು ಮನೆಗೆ ಹೋದ. ಎಮ್ಮೆ ಕೂಗುತ್ತಿತ್ತಂತೆ.

ಊರಿಗೆ ಊರೇ ನನ್ನ ಬರಿಗೈಯನ್ನು ಕಾಯುತ್ತಾ ಕೂತಿತ್ತು. ಅವಳ ಕೈ ತುಂಬಾ ಕೆಲಸವಿದ್ದದ್ದರಿಂದ ಯಾರೂ ಅವಳನ್ನು ‘ಎಲ್ಗವ್ವ’ ಅಂತ ಕೂಡ ಕೇಳಿರಲಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ಅವಳನ್ನು ಹೊರಗೆ ಬಿಡಲಿಲ್ಲ. ಬಾಗಿಲಿನಲ್ಲಿ ಅವಳ ಅತ್ತೆಯ ಕಾವಲು. ಒಳಗೆ ಅವಳು ಅಕ್ಕಿ ಆರಿಸುತ್ತಾ, ಆರಿಸಿದ್ದನ್ನೇ ಮತ್ತೆ ಆರಿಸುತ್ತಾ ಕೂತಿರುತ್ತಿದ್ದಳು. ನಾನು ಹೋಗಿ ಕೇಳಿದೆ, “ಅತ್ಯಮ್ಮ, ನಿಮಿಷಾಂಬ ಗುಡಿಗೆ ಹೋಗ್ತಿದೀನಿ, ಇವಳನ್ನೂ ಕರ್ಕೊಂಡು ಹೋಗ್ಲಾ?” ಅವರು ನನ್ನ ಮುಖವನ್ನೇ ನೋಡಿದರು. ನನ್ನ ನಿಂಬೆಹಣ್ಣಿನ ಕತೆ ಊರಿಗೆಲ್ಲ ಗೊತ್ತಿತ್ತು, ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ? ಆಮೇಲೆ ಗೋಡೆ ಕಡೆ ತಿರುಗಿ ಅಂದರು, “ನಿಂಬೆಹಣ್ಣು ಮರೀಬ್ಯಾಡಿ. ಕೇಳ್ದೋರ್ಗೆ ತೋರ್ಸಾಕೆ ಬೇಕು.”

ಡಾಕ್ಟರಮ್ಮ ಅವಳ ಜೊತೆ ಬಾಗಿಲು ಹಾಕಿಕೊಂಡು ಬಹಳ ಹೊತ್ತು ಮಾತಾಡಿದರು. ಅವಳಿಗೂ ಮಾತ್ರೆ, ಅವಳಿಗೂ ಎಳೆ ಬಿಸಿಲಿನ ನಡಿಗೆ. ಒಬ್ಬಳನ್ನೇ ಬಿಡಬೇಡಿ ಅಂತ ನನ್ನನ್ನು ಒಳಗೆ ಕರೆದು ಹೇಳಿದರು.

ಮಾರನೆಯ ಬೆಳಿಗ್ಗೆ ತಿಂಡಿ, ಮಾತ್ರೆ ಮುಗಿಸಿ ಕುಡುಗೋಲನ್ನು ಕೊಟ್ಟಿಗೆಯ ತೊಲೆಗೆ ಸಿಕ್ಕಿಸಿ ಹೊರಬಂದೆ. ಅತ್ತೆ ಜಗಲಿ ಮೇಲಿದ್ದರು.

“ಕುಡ್ಲು ಎಲ್ಲಿ?”

“ತೊಲೇಲಿ.”

“ಎಮ್ಮೆಗೆ ಏನಾಕದು?”

“ನಿಮ್ಮ ಮಗನ್ನ ಕೇಳಿ ಅತ್ತೆ. ನಾನು ನಾಲೆ ಕಡೆ ಹೋಗ್ತಿದೀನಿ.”

ಪಕ್ಕದ ಮನೆಯ ಬಾಗಿಲಲ್ಲಿ ಅವಳ ಅತ್ತೆ ಸರಿದು ದಾರಿ ಬಿಟ್ಟರು, ಅವಳನ್ನು ಕರೆದುಕೊಂಡು ಹೊರಟೆ. ನಮ್ಮ ಅತ್ತೆಯ ಬೈಗುಳ ಬೀದಿಯ ಕೊನೆಯವರೆಗೂ ನಮ್ಮ ಜೊತೆ ಬಂತು. “ಒಬ್ಳು ಸಾಲ್ದು ಅಂತ ಜೋಡಿ ಕಟ್ಕಂಡ್ ಹೊಂಟವ್ಳೆ!” ಇವತ್ತಿಗೂ ಬರುತ್ತದೆ. ಮಾತ್ರೆಯ ಕಹಿಯ ಹಾಗೆ ಅದನ್ನೂ ತಿಂಡಿಯಾದ ಮೇಲೆ ನುಂಗುತ್ತೇನೆ.

ಏರಿ ಹತ್ತಿದ ಮೇಲೆ ಅವಳು ನಿಂತುಬಿಟ್ಟಳು. ತಲೆಯ ಮೇಲೆ ಹೊರೆಯಿಲ್ಲ, ಕುಡುಗೋಲಿಲ್ಲ. ಸೆರಗು ಹಿಡಿದಳು, ಬಿಟ್ಟಳು, ಎರಡೂ ಅಂಗೈ ಮುಂದೆ ಹಿಡಿದು ನನ್ನ ಮುಖ ನೋಡಿದಳು. “ಅಕ್ಕ, ಈ ಕೈನ ಏನ್ ಮಾಡ್ಲಿ?”

“ಬೀಸು” ಅಂದೆ.

ನಾಲೆಯಲ್ಲಿ ನೀರು ತುಂಬಿ ಹೋಗುತ್ತಿತ್ತು. ತೂಬಿನ ಕಟ್ಟೆಯ ಮೇಲೆ ಕೂತಿದ್ದ ನೀರುಗಂಟಿ ನಮ್ಮನ್ನು ಕಂಡು ಬೀಡಿ ಎಸೆದು ಎದ್ದ. ಇಬ್ಬರ ಕೈಗಳನ್ನೂ ನೋಡಿದ. ಹೆಗಲ ಮೇಲಿನ ಹಗ್ಗ ಮುಟ್ಟಿ ನೋಡಿಕೊಂಡ.

“ಇಬ್ರಾ ಇವತ್ತು? ನನ್ತವ ಇರಾದು ಒಂದೇ ಹಗ್ಗ ಕಣ್ರವ್ವ.”

“ಇರಲಿ ಮಾವ, ಬಾ” ಅಂದೆ. ಅವನು ಬೈದುಕೊಳ್ಳುತ್ತಾ ನಮ್ಮ ಹಿಂದೆ ನಡೆಯತೊಡಗಿದ.